ಯೆರ್ಮಾಳಿಂದ ಲಿಯರ್‌ವರೆಗೆ: ನಟಿ ನೂರಿಯಾ ಎಸ್ಪೆರ್ಟ್

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತಾಡಲಿರುವುದು ಸ್ಪೇನ್ ದೇಶದ ಹಿರಿಯ ರಂಗನಟಿ ನೂರಿಯಾ ಎಸ್ಪೆರ್ಟ್ ಅವರ ಬಗ್ಗೆ. ಸಿನಿಮಾದಲ್ಲಿ ಅವರು ಕಾಣಿಸಿಕೊಂಡದ್ದು ಕಡಿಮೆ, ಹಾಗಾಗಿ ಹೆಸರು ನಿಮಗೆ ಹೊಸದೆನಿಸಬಹುದು. ಎಪ್ಪತ್ತು ವರ್ಷ ಅವರು ದುಡಿದದ್ದು ರಂಗಭೂಮಿಯಲ್ಲಿ.

1971ರ ಕೊನೆ. ಮ್ಯಾಡ್ರಿಡ್‌ನ ಕೊಮೇದಿಯಾ ರಂಗಮಂದಿರ. ಪರದೆ ಸರಿದಾಗ ಅಲ್ಲಿ ಮನೆಯಿಲ್ಲ, ಹೊಲವಿಲ್ಲ, ಹಳ್ಳಿಯ ಬೀದಿಯಿಲ್ಲ. ದೊಡ್ಡದೊಂದು ಲೋಹದ ಚೌಕಟ್ಟಿಗೆ ಬಿಗಿದು ಕಟ್ಟಿದ ಕ್ಯಾನ್ವಾಸ್ ಬಟ್ಟೆ, ಅಷ್ಟೇ. ನಟರು ಅದರ ಮೇಲೆಯೇ ನಡೆಯಬೇಕು, ಓಡಬೇಕು, ಜಗಳವಾಡಬೇಕು. ಹೆಜ್ಜೆಯಿಟ್ಟಲ್ಲೆಲ್ಲ ಅದು ಕುಸಿಯುತ್ತದೆ, ಮರುಗಳಿಗೆ ಮೇಲಕ್ಕೆ ಚಿಮ್ಮಿಸುತ್ತದೆ. ಹಗ್ಗ ಎಳೆದರೆ ಅದೇ ಬಟ್ಟೆ ಗುಡ್ಡವಾಗಿ ಏಳುತ್ತದೆ, ಡೇರೆಯಾಗಿ ಮುಚ್ಚಿಕೊಳ್ಳುತ್ತದೆ. ನಾಟಕ ಸ್ಪೇನಿನ ಕವಿ, ನಾಟಕಕಾರ ಫೆಡೆರಿಕೊ ಗಾರ್ಸಿಯಾ ಲೋರ್ಕಾನ 'ಯೆರ್ಮಾ'. ಮಗುವಿಗಾಗಿ ಹಂಬಲಿಸುವ ಹಳ್ಳಿಯ ಹೆಣ್ಣೊಬ್ಬಳು ಕೊನೆಗೆ ಗಂಡನ ಕತ್ತು ಹಿಸುಕುವ ಕಥೆ. ಕಾಲ ಕೆಳಗೆ ಗಟ್ಟಿ ನೆಲವಿಲ್ಲದ ಆ ಹೆಣ್ಣಾಗಿ ನಿಂತವರು ಎಸ್ಪೆರ್ಟ್. ಆ ಪ್ರಯೋಗ ಲಂಡನ್, ನ್ಯೂಯಾರ್ಕ್‌ವರೆಗೆ ಹೋಯಿತು; ಸ್ಪ್ಯಾನಿಷ್ ತಿಳಿಯದವರೂ ಕೂತು ನೋಡಿದರು.

ನೂರಿಯಾ ಹುಟ್ಟಿದ್ದು 1935ರ ಜೂನ್ 11ರಂದು, ಬಾರ್ಸಿಲೋನಾಕ್ಕೆ ಅಂಟಿಕೊಂಡ ಓಸ್ಪಿತಲೆಟ್ ಎಂಬ ಕಾರ್ಮಿಕರ ಊರಿನಲ್ಲಿ. ಮರುವರ್ಷವೇ ಅಂತರ್ಯುದ್ಧ ಶುರುವಾಯಿತು. ಅದು ಮುಗಿದಾಗ ಫ್ರಾಂಕೊನ ಸರ್ವಾಧಿಕಾರ. ಮನೆಮಾತು ಕ್ಯಾಟಲಾನ್, ಆದರೆ ಆ ಭಾಷೆಯಲ್ಲಿ ನಾಟಕ ಆಡಲು 1946ರವರೆಗೂ ಅನುಮತಿ ಇರಲಿಲ್ಲ. ಅನುಮತಿ ಸಿಕ್ಕ ಹೊಸತರಲ್ಲೇ, ಇನ್ನೂ ಹುಡುಗಿಯಾಗಿದ್ದ ನೂರಿಯಾ ಬಾರ್ಸಿಲೋನಾದ ರೊಮೆಯಾ ರಂಗಮಂದಿರದ ಮಕ್ಕಳ ತಂಡ ಸೇರಿದರು.

1954ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅದೃಷ್ಟ ಬಾಗಿಲು ತಟ್ಟಿತು. ಮೊಂಜುಯಿಕ್ ಗುಡ್ಡದ ಬಯಲು ರಂಗಮಂದಿರದಲ್ಲಿ 'ಮೆಡಿಯಾ' ನಾಟಕ ಆಗಬೇಕಿತ್ತು. ಮುಖ್ಯ ಪಾತ್ರದ ಎಲ್ವಿರಾ ನೊರಿಯೆಗಾ ಕಾಯಿಲೆ ಬಿದ್ದರು. ಗಂಡನ ಮೇಲಿನ ಸೇಡಿಗೆ ತನ್ನ ಮಕ್ಕಳನ್ನೇ ಕೊಲ್ಲುವ ತಾಯಿಯ ಪಾತ್ರವನ್ನು ನೂರಿಯಾ ಹೊತ್ತರು. ಆ ಪ್ರದರ್ಶನದೊಂದಿಗೆ ಹೆಸರು ಊರೆಲ್ಲ ಹರಡಿತು. ಮುಂದಿನ ವರ್ಷ ಅರ್ಮಾಂದೊ ಮೊರೆನೊ ಅವರೊಡನೆ ಮದುವೆ, 1959ರಲ್ಲಿ ಗಂಡ ಹೆಂಡತಿ ಸೇರಿ ಸ್ವಂತ ಕಂಪನಿ. ಕಂಪನಿ ನಾಟಕದ ಕಷ್ಟ ಕಂಡವರಿಗೆ ಇದರ ಭಾರ ನಾನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಸಾಲದ ಚಿಂತೆ, ಊರೂರು ಅಲೆದಾಟದ ಜೊತೆಗೆ ಪ್ರತಿ ನಾಟಕವೂ ಸರ್ಕಾರಿ ಸೆನ್ಸಾರ್‌ನ ಮೇಜು ದಾಟಿಯೇ ಬರಬೇಕಿತ್ತು.

ಈ ಕಂಪನಿಗೆ ತಿರುವು ಕೊಟ್ಟವನು ಅರ್ಜೆಂಟೀನಾದ ನಿರ್ದೇಶಕ ವಿಕ್ತೊರ್ ಗಾರ್ಸಿಯಾ. 1969ರಲ್ಲಿ ಆತ ಎಸ್ಪೆರ್ಟ್ ಮತ್ತು ಹುಲಿಯೆತಾ ಸೆರಾನೊ ಅವರನ್ನಿಟ್ಟುಕೊಂಡು ಫ್ರೆಂಚ್ ನಾಟಕಕಾರ ಜಾನ್ ಜೆನೆಯ 'ಸೇವಕಿಯರು' ಆಡಿಸಿದ. ಆಮೇಲೆ ಬಂದದ್ದು ನಾನು ಮೊದಲು ಹೇಳಿದ ಕ್ಯಾನ್ವಾಸಿನ 'ಯೆರ್ಮಾ'. ಗಾರ್ಸಿಯಾ 1982ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡ. ಇಪ್ಪತ್ತನೆಯ ಶತಮಾನದ ರಂಗಭೂಮಿಯ ಮಾತು ಬಂದಾಗ ಈತನ ಹೆಸರು ಸಲ್ಲಬೇಕಾದಷ್ಟು ಸಲ್ಲುವುದಿಲ್ಲ ಎಂಬುದು ನನ್ನ ಕೊರಗು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಎಸ್ಪೆರ್ಟ್ ಅವರನ್ನು ಅರಿಯಲು ಇನ್ನೊಬ್ಬ ನಟಿಯನ್ನು ನೆನೆಯಲೇಬೇಕು, ಮಾರ್ಗರಿತಾ ಶಿರ್ಗು. ಅವರೂ ಬಾರ್ಸಿಲೋನಾ ಪಕ್ಕದ ಊರಿನವರೇ. ಲೋರ್ಕಾ 'ಯೆರ್ಮಾ' ಬರೆದಾಗ, 1934ರ ಡಿಸೆಂಬರಿನಲ್ಲಿ, ಅದನ್ನು ಮೊದಲು ಅಭಿನಯಿಸಿದವರು ಶಿರ್ಗು. ಮರುವರ್ಷ 'ದೊನ್ಯಾ ರೊಸಿತಾ' ನಾಟಕದ ಮೊದಲ ರೊಸಿತಾ ಕೂಡ ಅವರೇ. 1936ರಲ್ಲಿ ಶಿರ್ಗು ತಂಡದೊಂದಿಗೆ ಲ್ಯಾಟಿನ್ ಅಮೆರಿಕ ಪ್ರವಾಸದಲ್ಲಿದ್ದಾಗ ದೇಶದಲ್ಲಿ ಯುದ್ಧ ಹೊತ್ತಿಕೊಂಡಿತು. ಆ ಆಗಸ್ಟ್‌ನಲ್ಲಿ ಗ್ರಾನಡಾ ಬಳಿ ಫ್ರಾಂಕೊ ಕಡೆಯವರು ಲೋರ್ಕಾನನ್ನು ಗುಂಡಿಕ್ಕಿ ಕೊಂದರು. ಅವನಿಗೆ ಮೂವತ್ತೆಂಟು. ಸಾಯುವ ಎರಡು ತಿಂಗಳ ಮೊದಲು ಬರೆದು ಮುಗಿಸಿದ 'ಬೆರ್ನಾರ್ದಾ ಆಲ್ಬಾಳ ಮನೆ'ಯನ್ನು ಶಿರ್ಗು 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ರಂಗಕ್ಕೆ ತಂದರು. ಸ್ವದೇಶದ ನೆಲವನ್ನು ಮತ್ತೆ ಮೆಟ್ಟಲಾಗದೆ, 1969ರಲ್ಲಿ ಉರುಗ್ವೆಯ ಮೊಂತೆವಿದೆಯೊದಲ್ಲಿ ಕಣ್ಮುಚ್ಚಿದರು.

ಆ ಮೂರೂ ನಾಟಕಗಳು ಎಸ್ಪೆರ್ಟ್ ಬದುಕಿನಲ್ಲಿ ಒಂದಾದ ಮೇಲೊಂದು ಬಂದವು. ನನ್ನ ಮಟ್ಟಿಗೆ ಅವರ ಬದುಕಿನ ಅತಿ ದೊಡ್ಡ ಸಂಗತಿ ಇದೇ. ಗಡೀಪಾರಾದ ನಟಿಯ ಕೈಯಲ್ಲಿ ಉಳಿದಿದ್ದ ಪಾತ್ರಗಳನ್ನು ಇವರು ಸ್ಪೇನ್ ನೆಲದಲ್ಲಿ ನಿಂತು ಆಡಿದರು. ಲೋರ್ಕಾ ಕಾಣದ ವಯಸ್ಸುಗಳನ್ನು ತಾವು ಕಾಣುತ್ತಾ ಅವನ ಹೆಂಗಸರಾದರು. ಮೂವತ್ತಾರಕ್ಕೆ ಯೆರ್ಮಾ. 1980ರಲ್ಲಿ, ನಲವತ್ತೈದರ ಹೊತ್ತಿಗೆ, ದೂರದೇಶಕ್ಕೆ ಹೋದ ಪ್ರಿಯಕರನಿಗಾಗಿ ಕಾಯುತ್ತಲೇ ಮುಪ್ಪಾಗುವ ರೊಸಿತಾ. ಎಪ್ಪತ್ತು ದಾಟಿದ ಮೇಲೆ, 2009ರಲ್ಲಿ, ಐದು ಹೆಣ್ಣುಮಕ್ಕಳ ಮೇಲೆ ಎಂಟು ವರ್ಷದ ಸೂತಕ ಹೇರುವ ವಿಧವೆ ಬೆರ್ನಾರ್ದಾ. ಎದುರಿಗೆ ಮನೆಗೆಲಸದ ಪೊನ್ಸಿಯಾ ಆಗಿ ರೋಸಾ ಮರಿಯಾ ಸರ್ದಾ.

ಬೆರ್ನಾರ್ದಾ ಪಾತ್ರ ಕಟ್ಟುವ ಎಷ್ಟೋ ಮುಂಚೆ ಆ ನಾಟಕವನ್ನು ಅವರು ನಿರ್ದೇಶಿಸಿಯೂ ಆಗಿತ್ತು, ಅದೂ ಇಂಗ್ಲಿಷ್‌ನಲ್ಲಿ. 1986ರಲ್ಲಿ ಲಂಡನ್‌ನ ಹ್ಯಾಮರ್‌ಸ್ಮಿತ್‌ನಲ್ಲಿ ಗ್ಲೆಂಡಾ ಜಾಕ್ಸನ್ ಬೆರ್ನಾರ್ದಾ, ಜೋನ್ ಪ್ಲೋರೈಟ್ ಪೊನ್ಸಿಯಾ. ಇಂಥ ಘಟಾನುಘಟಿಗಳನ್ನು ಅವರ ನೆಲದಲ್ಲೇ, ಅವರ ಭಾಷೆಯಲ್ಲೇ ನಿರ್ದೇಶಿಸುವುದು ಎದೆಗಾರಿಕೆಯ ಮಾತು. ಪ್ರಯೋಗ ಗೆದ್ದಿತು, ನಿರ್ದೇಶನಕ್ಕೆ ಈವ್ನಿಂಗ್ ಸ್ಟ್ಯಾಂಡರ್ಡ್ ಪ್ರಶಸ್ತಿ ಬಂತು.

ಅಲ್ಲಿಂದ ಒಪೆರಾ ನಿರ್ದೇಶನದ ದಾರಿ ತೆರೆಯಿತು. ಎಲ್ಲವನ್ನೂ ಹೇಳಲು ಸಮಯವಿಲ್ಲ. ಒಂದನ್ನು ಮಾತ್ರ ಬಿಡಲಾರೆ. 1994ರಲ್ಲಿ ಬಾರ್ಸಿಲೋನಾದ ಲಿಸೆಯು ಒಪೆರಾಗೃಹ ಸುಟ್ಟು ಬೂದಿಯಾಯಿತು. ಮತ್ತೆ ಕಟ್ಟಿ 1999ರ ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ಮೊದಲು ಆಡಿದ್ದು ಎಸ್ಪೆರ್ಟ್ ನಿರ್ದೇಶನದ 'ತುರಾಂದೊತ್'. ಇಟಲಿಯ ಸಂಗೀತಕಾರ ಪುಚ್ಚೀನಿ ಮುಗಿಸದೆ ಹೋದ ಈ ಒಪೆರಾದ ಕೊನೆಯಲ್ಲಿ ಕಲ್ಲೆದೆಯ ರಾಜಕುಮಾರಿ ಪ್ರೇಮಕ್ಕೆ ಕರಗುತ್ತಾಳೆ. ಎಸ್ಪೆರ್ಟ್ ಅವರ ರಾಜಕುಮಾರಿ ಕರಗಲಿಲ್ಲ, ತನ್ನನ್ನು ತಾನೇ ಕೊಂದುಕೊಂಡಳು. ಈ ಬದಲಾವಣೆ ನನಗೆ ಸರಿ ಎನಿಸುತ್ತದೆ. ಲಿಯೂ ಎಂಬ ದಾಸಿ ಚಿತ್ರಹಿಂಸೆಗೆ ಸಿಕ್ಕಿ ಕಣ್ಣೆದುರೇ ಪ್ರಾಣಬಿಟ್ಟ ಮೇಲೆ ಮದುವೆಯ ಸಂಭ್ರಮ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ವಯಸ್ಸಾದ ನಟಿಗೆ ಪಾತ್ರಗಳು ಬತ್ತುತ್ತವೆ; ಅಜ್ಜಿ, ಅತ್ತೆ, ಅಲ್ಲಿಗೆ ಮುಗಿಯಿತು. ಎಸ್ಪೆರ್ಟ್ ಅದಕ್ಕೆ ಒಪ್ಪಲಿಲ್ಲ. 2010ರಲ್ಲಿ ಶೇಕ್ಸ್‌ಪಿಯರನ ಲುಕ್ರೀಸ್ ಕಾವ್ಯವನ್ನು ಒಬ್ಬರೇ ಅಭಿನಯಿಸಿದರು. ಒಂದೇ ದೇಹದಲ್ಲಿ ಅತ್ಯಾಚಾರಿ, ಅವನಿಗೆ ಸಿಕ್ಕ ಹೆಣ್ಣು, ಅವಳ ಗಂಡ ಎಲ್ಲರೂ. 2015ರಲ್ಲಿ, ಎಂಬತ್ತರ ಅಂಚಿನಲ್ಲಿ, ಬಾರ್ಸಿಲೋನಾದ ಯಿಯುರೆ ರಂಗಮಂದಿರದಲ್ಲಿ ಕಿಂಗ್ ಲಿಯರ್ ಆದರು. ಮೂವರು ಹೆಣ್ಣುಮಕ್ಕಳ ತಂದೆ, ಬಿರುಗಾಳಿಯಲ್ಲಿ ಹುಚ್ಚಾಗುವ ಮುದಿ ರಾಜ. ಗಂಡಸಿನ ಆ ಪಾತ್ರಕ್ಕೆ ನಟನೊಬ್ಬ ಜೀವಮಾನವಿಡೀ ತಯಾರಾಗಬೇಕೆನ್ನುತ್ತಾರೆ; ಇವರು ಅರವತ್ತು ವರ್ಷ ತಯಾರಾಗಿದ್ದರು.

2016ರಲ್ಲಿ ಕಲೆಗಾಗಿ ಇರುವ ಪ್ರಿನ್ಸೆಸ್ ಆಫ್ ಅಸ್ತೂರಿಯಾಸ್ ಪ್ರಶಸ್ತಿ ಸಂದಿತು. ಸನ್ಮಾನ ಸ್ವೀಕರಿಸಿ ಅವರು ಮನೆಯಲ್ಲಿ ಕೂರಲಿಲ್ಲ. ಎಂಬತ್ತು ದಾಟಿದ ಮೇಲೆ ಲೋರ್ಕಾನ ಜಿಪ್ಸಿ ಲಾವಣಿಗಳನ್ನು ಹಿಡಿದು ಒಬ್ಬರೇ ರಂಗವೇರಿದರು. ಅವರು ಹುಟ್ಟುವ ಏಳು ವರ್ಷ ಮೊದಲು, 1928ರಲ್ಲಿ ಅಚ್ಚಾಗಿದ್ದ ಪದ್ಯಗಳು ಅವು. ನಡುನಡುವೆ ತಮ್ಮ ಬದುಕಿನ ಮಾತನ್ನೂ ಹೇಳುತ್ತಾ, ಆ ಪದ್ಯಗಳನ್ನು ಊರಿಂದೂರಿಗೆ ಕೊಂಡೊಯ್ದರು.

ನಮಸ್ಕಾರ.