ಹಾಂಗ್‌ಕಾಂಗ್‌ನ ಖಾಸಗಿ ಕಾಲೇಜುಗಳು, ಬ್ರಿಟಿಷರ ಕಾನೂನು

ಕೇಳುಗರೆಲ್ಲರಿಗೂ ನಮಸ್ಕಾರ.

1946ರಲ್ಲಿ, ಬ್ರಿಟಿಷರ ಆಡಳಿತದಲ್ಲಿದ್ದ ಹಾಂಗ್‌ಕಾಂಗ್‌ನ ಟುಯೆನ್ ಮುನ್‌ನಲ್ಲಿ, ಚೀನಾದ ಸೇನಾನಿಯೊಬ್ಬರ ಬಂಗಲೆಯಲ್ಲಿ ತಾ ತೆಹ್ ಕಾಲೇಜು ತೆರೆಯಿತು. ಮೇಷ್ಟ್ರುಗಳಲ್ಲಿ ಎಡಪಂಥದವರೇ ಹೆಚ್ಚು, ಬೆನ್ನಿಗೆ ಕಮ್ಯುನಿಸ್ಟ್ ಪಕ್ಷ. ಅತ್ತ ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರ ಕೈ ಮೇಲಾಗುತ್ತಿದ್ದಂತೆ ಇತ್ತ ವಸಾಹತು ಸರ್ಕಾರಕ್ಕೆ ದಿಗಿಲು ಹತ್ತಿತು. 1948ರ ಕೊನೆಗೆ ಶಿಕ್ಷಣ ಕಾನೂನನ್ನು ತಿದ್ದಿ, ಶಾಲೆಗಳ ನೋಂದಣಿ ರದ್ದು ಮಾಡುವ ಬಲವನ್ನು ಶಿಕ್ಷಣ ನಿರ್ದೇಶಕರಿಗೆ ಕೊಟ್ಟರು. 1949ರ ಫೆಬ್ರವರಿಯಲ್ಲಿ ತಾ ತೆಹ್‌ಗೆ ಬೀಗ ಬಿತ್ತು. ಅಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಎನ್ನುವುದಲ್ಲ, ಪಾಠ ಹೇಳುವವರು ಯಾರ ಕಡೆಯವರು ಎನ್ನುವುದೇ ಸರ್ಕಾರಕ್ಕೆ ಮುಖ್ಯವಾಯಿತು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅದೇ ವರ್ಷ ಕಮ್ಯುನಿಸ್ಟರಿಂದ ತಪ್ಪಿಸಿಕೊಂಡು ಬಂದ ಇತಿಹಾಸಕಾರ ಚಿಯೆನ್ ಮು, ತತ್ವಶಾಸ್ತ್ರದ ತಾಂಗ್ ಚುನ್-ಈ ಮೊದಲಾದವರು ಸೇರಿ ಒಂದು ಸಂಜೆ ಕಾಲೇಜು ಕಟ್ಟಿದರು. ಮರುವರ್ಷ ಅದೇ ನ್ಯೂ ಏಷ್ಯಾ ಕಾಲೇಜಾಯಿತು. ಹಾಂಗ್‌ಕಾಂಗ್‌ನ ಶಾಮ್ ಶುಯಿ ಪೋ ಬಡಾವಣೆಯ ಕ್ವೈಲಿನ್ ಬೀದಿಯಲ್ಲಿ ಇಕ್ಕಟ್ಟಾದ ಬಾಡಿಗೆ ಕೋಣೆಗಳು. ಊರು ಬಿಟ್ಟು ಬಂದ ಹುಡುಗರಲ್ಲಿ ಬಹಳಷ್ಟು ಮಂದಿಗೆ ಫೀಸು ಕಟ್ಟುವ ಶಕ್ತಿಯಿರಲಿಲ್ಲ. ಕೆಲವರು ರಾತ್ರಿ ಮೆಟ್ಟಿಲ ಮೇಲೆ, ತಾರಸಿಯ ಮೇಲೆ ಮಲಗುತ್ತಿದ್ದರು. ಮುಂದೆ ಹಾರ್ವರ್ಡ್, ಯೇಲ್‌ಗಳಲ್ಲಿ ಪಾಠ ಹೇಳಿದ, 2006ರಲ್ಲಿ ಮಾನವಿಕ ವಿದ್ವತ್ತಿಗೆ ಕೊಡುವ ಕ್ಲೂಗೆ ಪ್ರಶಸ್ತಿ ಪಡೆದ ಇತಿಹಾಸಕಾರ ಯು ಯಿಂಗ್-ಶಿ ಓದಿದ್ದು ಇಲ್ಲೇ.

1954ರಿಂದ ಅಮೆರಿಕದ ಯೇಲ್-ಚೀನಾ ಸಂಸ್ಥೆ ನೆರವಿಗೆ ನಿಂತಿತು. ಶೀತಲ ಸಮರದ ಕಾಲ. ಅಂಥ ಹಣದ ಹಿಂದೆ ಆ ಕಾಲದ ಲೆಕ್ಕಾಚಾರ ಇದ್ದೇ ಇತ್ತು. ಆದರೆ ಆ ಮೇಷ್ಟ್ರುಗಳು ಬಡತನದಲ್ಲಿ ಕಾಲೇಜು ಕಟ್ಟಿದ್ದು ಯಾರ ಲೆಕ್ಕಾಚಾರಕ್ಕೂ ಅಲ್ಲ, ತಮ್ಮ ವಿದ್ಯೆ ಉಳಿಯಲಿ ಎಂದು.

ಆಗ ಹಾಂಗ್‌ಕಾಂಗ್‌ನಲ್ಲಿದ್ದ ಒಂದೇ ವಿಶ್ವವಿದ್ಯಾಲಯ, 1911ರದು, ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಚೀನೀ ಭಾಷೆಯಲ್ಲಿ ಓದಿದವರು ಪದವಿಗಾಗಿ ಚೀನಾಕ್ಕೋ ತೈವಾನಿಗೋ ಹೋಗಬೇಕು. ಮಕ್ಕಳು ಹೀಗೆ ಗಡಿ ದಾಟುವುದು ಸರ್ಕಾರಕ್ಕೆ ತಲೆನೋವಾಯಿತು. 1960ರಲ್ಲಿ ನ್ಯೂ ಏಷ್ಯಾದಂಥ ಖಾಸಗಿ ಕಾಲೇಜುಗಳಿಗೆಂದೇ ಕಾನೂನು ಬಂತು. 1963ರಲ್ಲಿ ನ್ಯೂ ಏಷ್ಯಾ, ಚುಂಗ್ ಚಿ, ಯುನೈಟೆಡ್ ಎಂಬ ಮೂರು ಕಾಲೇಜುಗಳು ಸೇರಿ ಹಾಂಗ್‌ಕಾಂಗ್ ಚೀನೀ ವಿಶ್ವವಿದ್ಯಾಲಯವಾಯಿತು.

ಮೂರು ಕಾಲೇಜುಗಳು ತಮ್ಮತನ ಉಳಿಸಿಕೊಂಡೇ ಒಕ್ಕೂಟ ಸೇರಿದ್ದವು. 1976ರಲ್ಲಿ ಇನ್ನೊಂದು ಕಾನೂನು ಬಂದು ಅಧಿಕಾರವನ್ನೆಲ್ಲ ಕೇಂದ್ರಕ್ಕೆ ಒಯ್ದಾಗ, ಕೊಟ್ಟ ಮಾತು ತಪ್ಪಿದರೆಂದು ನ್ಯೂ ಏಷ್ಯಾದ ಒಂಬತ್ತು ಆಡಳಿತ ಮಂಡಳಿ ಸದಸ್ಯರು ರಾಜೀನಾಮೆ ಕೊಟ್ಟರು. ಚಿಯೆನ್ ಮು, ತಾಂಗ್ ಚುನ್-ಈ ಇಬ್ಬರೂ ಅವರಲ್ಲಿದ್ದರು.