ಸೋಲೋ ವರ್ಷದ ಟಿಕೆಟ್

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆ ಮನೇಲಿ ರೇಡಿಯೋ ಹಚ್ಚಿಟ್ಟು ಕೆಲಸ ಮಾಡ್ತಿರೋ ಅಮ್ಮಂದಿರಿಗೆ, ಅಂಗಡಿ ಬಾಗಿಲು ತೆಗೆದು ಕೂತಿರೋ ಅಣ್ಣಂದಿರಿಗೆ, ಪುಸ್ತಕ ಕೈಯಲ್ಲಿ ಹಿಡ್ಕೊಂಡು ಕಿವಿ ಮಾತ್ರ ಈ ಕಡೆ ಇಟ್ಟಿರೋ ಹುಡುಗ ಹುಡುಗೀರಿಗೆ ಎಲ್ಲರಿಗೂ ನಮಸ್ಕಾರ. ಒಂದು ಫುಟ್‌ಬಾಲ್ ಕ್ಲಬ್‌ನ ನಂಬ್ಕೊಂಡು ಜನ ವರ್ಷಗಟ್ಟಲೆ ಹೇಗಿರ್ತಾರೆ, ಅದರ ಬಗ್ಗೆ ಮಾತಾಡಿ ಅಂತ ನನ್ನ ಕರೆದಿದಾರೆ. ನಾನು 30 ವರ್ಷದಿಂದ ಬೆಂಗಳೂರಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳ್ಕೊಡ್ತಿರೋನು. ಹೇಳಬೇಕಾದ್ದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಟೈಮ್ ಸಾಲಲ್ಲ. ನಿಮ್ಮ ಟೀಮ್ ಸೋಲ್ತಿರೋ ವರ್ಷ ಟಿಕೆಟ್ ತಗೊಳ್ಳಿ. ಗೆಲ್ಲೋ ವರ್ಷ ತಗೊಳ್ಳೋದು ಬಿಡೋದು ನಿಮ್ಮಿಷ್ಟ, ಸೋಲೋ ವರ್ಷ ಮಾತ್ರ ತಪ್ಪಿಸಬೇಡಿ.

ನಮ್ಮ ಬೆಂಗಳೂರು ಎಫ್‌ಸಿ ವಿಷಯಾನೇ ತಗೊಳ್ಳೋಣ. 2013ರಲ್ಲಿ ಹುಟ್ಟಿದ ಕ್ಲಬ್. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಮ್ಯಾಚ್, ಎದುರಿಗೆ ಮೋಹನ್ ಬಗಾನ್, 1-1 ಡ್ರಾ. ಹೊಸ ಟೀಮು, ಏನೋ ಮಾಡ್ಕೊಳ್ಳಲಿ ಅಂತ ಹೋದವರೇ ಜಾಸ್ತಿ. ಆ ಹೊಸ ಟೀಮ್ ಮೊದಲ ವರ್ಷವೇ ಐ-ಲೀಗ್, ಅಂದ್ರೆ ಆಗಿನ ರಾಷ್ಟ್ರೀಯ ಲೀಗ್, ಗೆದ್ದುಬಿಡ್ತು. ಆಶ್ಲಿ ವೆಸ್ಟ್‌ವುಡ್ ಕೋಚು, ಸುನಿಲ್ ಛೆಟ್ರಿ ಕ್ಯಾಪ್ಟನ್ನು. 2016ರಲ್ಲಿ ಮತ್ತೆ ಲೀಗ್ ಗೆದ್ರು, ಅದೇ ವರ್ಷ ಏಷ್ಯಾದ ಕ್ಲಬ್‌ಗಳು ಆಡೋ ಎಎಫ್‌ಸಿ ಕಪ್ ಫೈನಲ್‌ಗೂ ಹೋದ್ರು, ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಮೇಲೆ 1-0ಯಲ್ಲಿ ಸೋತ್ರು. ಆಮೇಲೆ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್‌ಗೆ ಬಂದ್ರು. 2018ರಲ್ಲಿ ನಮ್ಮ ಕಂಠೀರವ ಸ್ಟೇಡಿಯಂನಲ್ಲೇ ಅದರ ಫೈನಲ್, ಚೆನ್ನೈಯಿನ್ 3-2ರಲ್ಲಿ ಕಪ್ ಎತ್ಕೊಂಡು ಹೋಯ್ತು. ಮುಂದಿನ ವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಲ್ಲಿ ಗೋಲು ಹೊಡೆದ, ಕಪ್ ನಮ್ಮದಾಯ್ತು.

ಅಂದ್ರೆ ಆರೇ ವರ್ಷದಲ್ಲಿ ಇಷ್ಟೆಲ್ಲ. ಇದರಿಂದ ಏನಾಯ್ತು ಅಂದ್ರೆ, ಹೊಸದಾಗಿ ಬಂದ ಅಭಿಮಾನಿಗಳಿಗೆ ಸೋಲು ಅಂದ್ರೇನು ಅಂತ ಗೊತ್ತೇ ಇರಲಿಲ್ಲ. ಗೊತ್ತಿದ್ದೋರು ಹಳಬರು. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಈ ಕಡೆಯ ಹಿರಿಯರನ್ನ ಕೇಳಿ ನೋಡಿ. ಬೆಂಗಳೂರು ಮುಸ್ಲಿಮ್ಸ್ ಅಂತ ಒಂದು ಟೀಮ್ ಇತ್ತು, 1937ರಲ್ಲಿ, ಆಮೇಲೆ 38ರಲ್ಲಿ, ಬ್ರಿಟಿಷ್ ಪಲ್ಟನ್ ಟೀಮುಗಳ ಕಾಲದಲ್ಲೇ ಮುಂಬೈಯ ರೋವರ್ಸ್ ಕಪ್ ಗೆದ್ದು ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತಕ್ಕೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನೋರು, ಅದೇ ಟೀಮಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿನೋರು. ಮೈಸೂರು ರಾಜ್ಯದ ಟೀಮ್ ನಾಲ್ಕು ಸಲ ಸಂತೋಷ್ ಟ್ರೋಫಿ, ಅಂದ್ರೆ ರಾಜ್ಯ ರಾಜ್ಯಗಳು ಆಡೋ ಟೂರ್ನಿ, ಗೆದ್ದಿದೆ, ನಾಲ್ಕನೇದು 1968-69ರಲ್ಲಿ. ಆಮೇಲೆ? ಆಮೇಲೆ 54 ವರ್ಷ ಏನೂ ಇಲ್ಲ. ಐಟಿಐ, ಎಚ್‌ಎಎಲ್ ಟೀಮುಗಳು ಆಡಿದ್ವು, ಒಳ್ಳೊಳ್ಳೆ ಆಟಗಾರರು ಬಂದು ಹೋದ್ರು, ಸಂತೋಷ್ ಟ್ರೋಫಿ ಮಾತ್ರ ಬರಲಿಲ್ಲ. ಅಷ್ಟೂ ವರ್ಷ ಮಧ್ಯಾಹ್ನದ ಬಿಸಿಲಲ್ಲಿ ಅಶೋಕನಗರದ ಗ್ಯಾಲರೀಲಿ ಟವೆಲ್ ಹಾಕ್ಕೊಂಡು ಕೂತು ನೋಡ್ತಿದ್ದ ಜನ ಇದಾರಲ್ಲ, ಈ ಊರಿನ ಫುಟ್‌ಬಾಲ್ ಉಳಿಸಿದ್ದು ಅವರು. ಸೋಲೋ ವರ್ಷ ಟಿಕೆಟ್ ತಗೊಂಡೋರು.

ಸರಿ, ಕ್ಲಬ್ಬಿಗೆ ವಾಪಸ್ ಬರ್ತೀನಿ. 2019 ಆದ್ಮೇಲೆ ಇಳಿಜಾರು ಶುರುವಾಯ್ತು. ಕೊರೊನಾ ಬಂತು, ಎರಡು ಸೀಸನ್ ಪೂರ್ತಿ ಗೋವಾದಲ್ಲಿ, ಖಾಲಿ ಸ್ಟೇಡಿಯಂನಲ್ಲಿ ಆಟ. ಏಳನೇ ಸ್ಥಾನ, ಆರನೇ ಸ್ಥಾನ. ಕೋಚ್‌ಗಳು ಬಂದ್ರು ಹೋದ್ರು. 2022ರಲ್ಲಿ ಡ್ಯುರಾಂಡ್ ಕಪ್ ಗೆದ್ರು, ಆ ಸೀಸನ್ ಕೊನೇಲಿ ಐಎಸ್‌ಎಲ್‌ನಲ್ಲಿ ಸತತ ಎಂಟು ಮ್ಯಾಚ್ ಗೆದ್ದು ಫೈನಲ್‌ಗೂ ಹೋಗಿ ಪೆನಾಲ್ಟಿಯಲ್ಲಿ ಸೋತ್ರು, ಇನ್ನೇನು ಎದ್ರು ಅನ್ನೋ ಹೊತ್ತಿಗೆ 2023-24 ಬಂತು. ಆ ಸೀಸನ್ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಹಿಂಡುತ್ತೆ. ಪಾಸ್ ಎರಡಡಿ ಹಿಂದೆ ಬೀಳೋದು, ಮಿಡ್‌ಫೀಲ್ಡ್‌ಗೂ ಡಿಫೆನ್ಸಿಗೂ ನಡುವೆ ಒಂದು ಲಾರಿ ನಿಲ್ಲಿಸೋಷ್ಟು ಜಾಗ ಬಿಡೋದು, ಒಂದು ಗೋಲು ತಿಂದ ತಕ್ಷಣ ಎಲ್ಲರ ಭುಜ ಇಳಿದು ಹೋಗೋದು.

ಇಲ್ಲಿ ನಾನು ಒಂದು ರಾತ್ರಿ ವಿಷಯ ಹೇಳ್ಲೇಬೇಕು. ಡಿಸೆಂಬರ್ 8, 2023. ಶುಕ್ರವಾರ. ಕಂಠೀರವದಲ್ಲಿ ಮುಂಬೈ ಸಿಟಿ ಜೊತೆ ಮ್ಯಾಚ್. ನನ್ನ ಹತ್ರ ಕಲಿಯೋ ಒಬ್ಬ ಹುಡುಗನ್ನ ಕರ್ಕೊಂಡು ಹೋಗಿದ್ದೆ, 13 ವರ್ಷ, ಗೋಲ್‌ಕೀಪರ್, ಅಪ್ಪ ಆಟೋ ಓಡಿಸ್ತಾರೆ, ಅವರೇ ನಮ್ಮನ್ನ ಕಸ್ತೂರಬಾ ರಸ್ತೇಲಿ ಇಳಿಸಿ ಹೋದ್ರು. ಹುಡುಗ ಮೊದಲನೇ ಸಲ ದೊಡ್ಡ ಸ್ಟೇಡಿಯಂಗೆ ಬರ್ತಿರೋದು. ಬ್ಯಾಗಿಂದ ಏನೋ ತೆಗೆದ, ನೋಡಿದ್ರೆ ಬಾವುಟ. ಅಮ್ಮನ ಹಳೇ ನೀಲಿ ಸೀರೆ ಕತ್ತರಿಸಿ ಮಾಡ್ಕೊಂಡಿದಾನೆ, ಒಂದು ಕಡೆ ಜರಿ ಅಂಚು ಹಾಗೇ ಇದೆ, ಇನ್ನೊಂದು ಕಡೆ ನೂಲು ಬಿಟ್ಕೊಂಡು ನೇತಾಡ್ತಿದೆ. ಅಮ್ಮ ಬೈದ್ರೇನೋ ಅಂದೆ. ಬೈದ್ರು ಸರ್, ಉಡೋ ಸೀರೆ ಹಾಳು ಮಾಡ್ದೆ ಅಂತ, ಅಂದ.

ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡ ಇರೋದ್ರಿಂದ ಮೈದಾನ ಸ್ವಲ್ಪ ದೂರ ಕಾಣುತ್ತೆ, ಆ ದೂರ ದಾಟೋಕೆ ಸದ್ದು ಬೇಕು. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗದ ಹುಡುಗರು ಆ ಕೆಲಸ ಮಾಡ್ತಾರೆ, ಡ್ರಮ್ಮು, ಹಾಡು, ಚಪ್ಪಾಳೆ. ನಾವೂ ಆ ಕಡೇನೇ ಕೂತಿದ್ವಿ. ನಮ್ಮ ಮೇಲೆ ಒಂದು ಗೋಲು ಬಿತ್ತು. ಎರಡು. ಮೂರು. ಹುಡುಗ ಬಾವುಟ ತೊಡೆ ಮೇಲೆ ಇಟ್ಕೊಂಡ. ನಾಲ್ಕು. ಸುತ್ತಮುತ್ತ ಕುರ್ಚಿಗಳು ಪಟಪಟ ಮಡಚ್ಕೊಳ್ಳೋ ಶಬ್ದ, ಜನ ಎದ್ದು ಹೋಗ್ತಿದಾರೆ, ಒಬ್ಬರು ಫೋನಲ್ಲಿ ಜೋರಾಗಿ ಈ ಟೀಮಿನ ಕಥೆ ಮುಗೀತು ಅಂತ ಹೇಳ್ಕೊಂಡೇ ಮೆಟ್ಟಿಲು ಇಳಿದ್ರು. ಹುಡುಗ ಬಾವುಟ ಮಡಚಿ ಬ್ಯಾಗಿಗೆ ತುರುಕ್ತಾ ಸರ್ ಹೋಗೋಣ ಸರ್, ಅಪ್ಪ ಕಾಯ್ತಿರ್ತಾರೆ ಅಂದ. ಅಪ್ಪ ಬರೋದಕ್ಕೆ ಇನ್ನೂ ಅರ್ಧ ಗಂಟೆ ಇತ್ತು, ಅದು ಅವನಿಗೂ ಗೊತ್ತು.

ಹಿಂದಿನ ಸಾಲಲ್ಲಿ ಒಬ್ಬರು ತಾತ. ಮಂಕಿ ಕ್ಯಾಪ್ ಹಾಕ್ಕೊಂಡಿದ್ರು, ಡಿಸೆಂಬರ್ ಚಳಿ. ಐಟಿಐ ಕಾರ್ಖಾನೇಲಿ ಕೆಲಸ ಮಾಡಿ ರಿಟೈರ್ ಆದೋರು ಅಂತ ಆಮೇಲೆ ಗೊತ್ತಾಯ್ತು. ಅವರು ಮುಂದೆ ಬಗ್ಗಿ ಹುಡುಗನ ಭುಜ ಮುಟ್ಟಿ, ಮಗಾ ನೀನು ಯಾವ ಪ್ಲೇಸು ಆಡ್ತೀಯ ಅಂದ್ರು. ಗೋಲ್‌ಕೀಪರ್ ತಾತಾ. ಹಂಗಾದ್ರೆ ಬಾಲ್ ನೋಡಬೇಡ, ನಮ್ಮ ಗೋಲ್‌ಕೀಪರ್‌ನ ನೋಡು, ನಾಲ್ಕು ತಿಂದ ಮೇಲೆ ಏನು ಮಾಡ್ತಾನೆ ನೋಡು, ಅದು ನಿಮ್ಮ ಸರ್ ಹೇಳ್ಕೊಡೋಕಾಗಲ್ಲ.

ನಾನು ಕೋಚು. ಆ ಮಾತು ನನಗೆ ನಾಟ್ತು, ಯಾಕಂದ್ರೆ ನಿಜ. ಹುಡುಗ ನೋಡಿದ. ನಾಲ್ಕು ತಿಂದ ಗೋಲ್‌ಕೀಪರ್ ಕೈ ಚಾಚಿ ಡಿಫೆಂಡರ್‌ಗೆ ಎಡಕ್ಕೆ ಹೋಗು ಅಂತ ಸನ್ನೆ ಮಾಡ್ತಿದ್ದ, ಕಾರ್ನರ್ ಬಂದ್ರೆ ಮೊದಲನೇ ಕಾರ್ನರ್ ಥರಾನೇ ಒಬ್ಬೊಬ್ಬರನ್ನ ಹೆಸರು ಹಿಡಿದು ಕೂಗಿ ನಿಲ್ಲಿಸ್ತಿದ್ದ, ಬಾಲ್ ಕೈಗೆ ಸಿಕ್ಕಿದ ತಕ್ಷಣ ಓಡಿ ಬಂದು ಎಸೀತಿದ್ದ. ಹುಡುಗನ ಕೈ ತಾನಾಗೇ ಬ್ಯಾಗಿಗೆ ಹೋಯ್ತು, ಬಾವುಟ ಹೊರಗೆ ಬಂತು. ತಾತ ಜೇಬಿಂದ ಒಂದು ಹಿಡಿ ಕಡ್ಲೆಕಾಯಿ ತೆಗೆದು ಅವನ ಕೈಗೆ ಹಾಕಿದ್ರು. ಕೊನೆ ಸೀಟಿ ಊದೋವರೆಗೂ ನಾವು ಮೂರೂ ಜನ ಕೂತಿದ್ವಿ, ವೆಸ್ಟ್ ಬ್ಲಾಕಲ್ಲಿ ಡ್ರಮ್ ನಿಂತಿರಲಿಲ್ಲ. 4-0. ಹೊರಗೆ ಬಂದು ಆಟೋ ಹತ್ತಿದ ಮೇಲೆ ಹುಡುಗ ಅಪ್ಪನಿಗೆ ಮೊದಲು ಹೇಳಿದ್ದು ಸ್ಕೋರ್ ಅಲ್ಲ, ಗೋಲ್‌ಕೀಪರ್ ಕಾರ್ನರ್‌ಗೆ ಎಲ್ಲಿ ನಿಂತ್ಕೋತಾನೆ ಅನ್ನೋದು.

ಇದನ್ನ ಯಾಕೆ ಇಷ್ಟು ಉದ್ದ ಹೇಳ್ದೆ ಅಂದ್ರೆ, ಟಿವೀಲಿ ಇದು ಕಾಣಲ್ಲ. ಟಿವಿ ಕ್ಯಾಮೆರಾ ಬಾಲ್ ಹಿಂದೆ ಹೋಗುತ್ತೆ. ನಾಲ್ಕು ಗೋಲು ತಿಂದ ಮನುಷ್ಯ ಆ ಕಡೆ ಒಬ್ಬನೇ ನಿಂತ್ಕೊಂಡು ಏನು ಮಾಡ್ತಾನೆ ಅಂತ ನೋಡಬೇಕಂದ್ರೆ ಮೈದಾನಕ್ಕೆ ಹೋಗಬೇಕು, ಅದೂ ಸೋಲೋ ದಿನ ಹೋಗಬೇಕು. ಸೋಲೋ ವರ್ಷ ಟಿಕೆಟ್ ತಗೊಳ್ಳಿ ಅಂತ ಅದಕ್ಕೇ ಬಡ್ಕೋತಿದೀನಿ.

ಆ ತಿಂಗಳೇ ಕೋಚ್ ಬದಲಾದ್ರು, ಸ್ಪೇನ್‌ನ ಜೆರಾರ್ಡ್ ಜರಗೋಜಾ ಬಂದ್ರು. ಬಂದ ತಕ್ಷಣ ಏನೂ ಮಂತ್ರ ಆಗಲಿಲ್ಲ. ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ಬಂದು ಕಂಠೀರವದಲ್ಲೇ ಮತ್ತೆ 4-0 ಹೊಡೆದು ಹೋಯ್ತು. 12 ಟೀಮಲ್ಲಿ 10ನೇ ಸ್ಥಾನ. ನನಗೆ ತಡೀಲಾರದ ವಿಷಯ ಒಂದಿದೆ, ಮೂರು ಮ್ಯಾಚ್ ಸೋತ ಕೂಡ್ಲೆ ಕೋಚ್‌ನ ಓಡಿಸಿ ಅಂತಾರಲ್ಲ, ಅದು. ಒಂದು ಟೀಮಿಗೆ ಒಟ್ಟಿಗೆ ಪ್ರೆಸ್ ಮಾಡೋದು ಕಲಿಸೋಕೆ, ಅಂದ್ರೆ ಬಾಲ್ ಕಳ್ಕೊಂಡ ಕ್ಷಣವೇ ನಾಲ್ಕೈದು ಜನ ಸೇರಿ ಎದುರಾಳಿ ಮೇಲೆ ಬೀಳೋದು ಕಲಿಸೋಕೆ, ತಿಂಗಳುಗಟ್ಟಲೆ ಬೇಕು. ಒಬ್ಬ ಓಡಿ ಇನ್ನೊಬ್ಬ ನಿಂತ್ರೆ ಮುಗೀತು, ಎಲ್ಲ ಹಾಳು. ಆ ಸಲ ಕ್ಲಬ್ಬು ಕೋಚ್‌ನ ಉಳಿಸ್ಕೊಂಡ್ತು, ಒಳ್ಳೇದು ಮಾಡ್ತು.

2024-25 ಸೀಸನ್ನಿನ ಮೊದಲ ಮ್ಯಾಚ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ 1-0. ಗೋಲು ಹೊಡೆದಿದ್ದು ವಿನೀತ್ ವೆಂಕಟೇಶ್, ಇನ್ನೂ 20 ತುಂಬಿರದ ಹುಡುಗ. ಆ ಕಡೆ 40 ವರ್ಷದ ಛೆಟ್ರಿ, ಆ ಸೀಸನ್ 14 ಗೋಲು, ಅದರಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಕಂಠೀರವದಲ್ಲಿ ಹೊಡೆದ ಹ್ಯಾಟ್ರಿಕ್ ಒಂದು. ಹುಡುಗರಿಗೆ ನಾನು ಹೇಳೋದಿಷ್ಟೇ, ಆತ ಬಾಲ್ ಇಲ್ಲದಾಗ ಎಲ್ಲಿ ನಿಂತಿರ್ತಾನೆ ನೋಡಿ, ಮಿಕ್ಕಿದ್ದು ಬಿಡಿ. ಲೀಗಲ್ಲಿ ಮೂರನೇ ಸ್ಥಾನ ಬಂತು.

ಆಮೇಲೆ ಮಾರ್ಚ್ 29, 2025. ಪ್ಲೇಆಫ್, ಗೆದ್ದೋರು ಸೆಮಿಫೈನಲ್‌ಗೆ, ಸೋತೋರು ಮನೆಗೆ. ಅದೇ ಕಂಠೀರವ, ಎದುರಿಗೆ ಅದೇ ಮುಂಬೈ ಸಿಟಿ. ನಾವು ಅದೇ ಜಾಗದಲ್ಲಿ ಕೂತಿದ್ವಿ, ಹುಡುಗನ ಧ್ವನಿ ಒಡೆದು ಗಡಸಾಗಿತ್ತು, ನನಗಿಂತ ಎತ್ತರ ಆಗಿದ್ದ. ಬಾವುಟ ಅದೇ. ಹಿಂದಿನ ಸಾಲಲ್ಲಿ ತಾತಾನೂ ಇದ್ರು. ಒಂಬತ್ತನೇ ನಿಮಿಷಕ್ಕೆ ಸುರೇಶ್ ವಾಂಗ್ಜಂ ಹೊಡೆದ. ತಾತ ಒಂದು ಕಡ್ಲೆಕಾಯಿ ತೆಗೆದು ಹುಡುಗನ ಅಂಗೈಗೆ ಇಟ್ರು. ಎರಡನೇ ಗೋಲಿಗೆ ಎರಡನೇದು. ಹೀಗೆ ಐದು. 5-0! ಐದನೇದು ಇಟ್ಟಾಗ ಹುಡುಗ ಕೈ ಮುಚ್ಚಿಕೊಂಡು ಅತ್ತುಬಿಟ್ಟ. ಅವತ್ತು ಸ್ಟೇಡಿಯಂ ತುಂಬ ಜನ ಕುಣಿದ್ರು, ಎಲ್ಲರಿಗೂ ಖುಷಿ ಆಗಿತ್ತು, ಖಂಡಿತ ಆಗಿತ್ತು. ಆದ್ರೆ ಆ ಅಳು ಬರೋಕೆ ಡಿಸೆಂಬರ್ 8ರ ಟಿಕೆಟ್ ಬೇಕಿತ್ತು, ಅದು ಅವನ ಹತ್ರ ಇತ್ತು.

ಟೈಮ್ ಆಗ್ತಾ ಬಂತು, ಹೇಳಬೇಕು ಅಂತ ಬರ್ಕೊಂಡಿದ್ದು ಇನ್ನೂ ಇದೆ, ಬೇಗ ಹೇಳ್ತೀನಿ. ಒಂದು, ಹೆಣ್ಮಕ್ಕಳನ್ನೂ ಕರ್ಕೊಂಡು ಹೋಗಿ, ನನ್ನ ಹತ್ರ ಕಲಿಯೋರಲ್ಲಿ ಬಾಲ್ ಎಲ್ಲಿಗೆ ಬರುತ್ತೆ ಅಂತ ಮೊದಲೇ ಊಹಿಸೋದ್ರಲ್ಲಿ ಹುಡುಗೀರೇ ಮುಂದಿದಾರೆ. ಇನ್ನೊಂದು, ದೊಡ್ಡ ಕ್ಲಬ್ ಮ್ಯಾಚ್ ಇಲ್ಲದ ದಿನ ಅಶೋಕನಗರದ ಸ್ಟೇಡಿಯಂಗೆ ಹೋಗಿ, ನಮ್ಮ ಊರಿನ ಲೀಗ್ ಅಲ್ಲೇ ನಡೆಯುತ್ತೆ, ನಾಳಿನ ಆಟಗಾರರು ಅಲ್ಲೇ ಧೂಳು ತಿಂತಿದಾರೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2ರಲ್ಲಿ ಗೆದ್ದು ಕರ್ನಾಟಕಕ್ಕೆ ಸಂತೋಷ್ ಟ್ರೋಫಿ ತಂದ್ರಲ್ಲ, 54 ವರ್ಷ ಆದ್ಮೇಲೆ, ಆ ಹುಡುಗರು ಆಕಾಶದಿಂದ ಇಳಿದವರೇನಲ್ಲ, ಇಂಥ ಮೈದಾನಗಳಲ್ಲೇ ಬೆಳೆದೋರು. ಅವರ ಆಟ ನೋಡೋಕೆ ಮಧ್ಯಾಹ್ನ ಎಷ್ಟು ಜನ ಇದ್ರು ಅಂತ ಒಂದ್ಸಲ ಯೋಚನೆ ಮಾಡಿ.

ಆ 5-0 ಆದ್ಮೇಲೆ ಏನಾಯ್ತು ಹೇಳಿ ಮುಗಿಸ್ತೀನಿ. ಸೆಮಿಫೈನಲ್ ಎರಡು ಮ್ಯಾಚಿಂದು, ಎರಡನೇದು ಗೋವಾದಲ್ಲಿತ್ತು, ನಮ್ಮ ಮೇಲೆ ಎರಡು ಗೋಲು ಬಿದ್ದು, ಮೊದಲನೇ ಮ್ಯಾಚಲ್ಲಿ ಸಿಕ್ಕಿದ್ದ ಮುನ್ನಡೆ ಹೋಗಿ ಲೆಕ್ಕ ಸಮ ಆಗಿಬಿಟ್ಟಿತ್ತು, ಕೊನೇಲಿ ಎಕ್ಸ್‌ಟ್ರಾ ಟೈಮಿಗೆ ಹೋಯ್ತು ಅನ್ನೋವಾಗ ಛೆಟ್ರಿ ತಲೆಯಲ್ಲಿ ಗೋಲು ಹೊಡೆದು ನಮ್ಮನ್ನ ಫೈನಲ್‌ಗೆ ದಾಟಿಸಿದ. ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಫೈನಲ್. ಅದನ್ನ ನಾನು ಹುಡುಗನ ಮನೇಲೇ ನೋಡ್ದೆ, ಅವರಪ್ಪ ಆವತ್ತು ಬೇಗ ಆಟೋ ನಿಲ್ಲಿಸಿ ಬಂದಿದ್ರು. ಮೋಹನ್ ಬಗಾನ್ ವಿರುದ್ಧ ನಾವು ಮುಂದಿದ್ವಿ, ಪೆನಾಲ್ಟಿಯಲ್ಲಿ ಅವರು ಸಮ ಮಾಡಿದ್ರು, ಎಕ್ಸ್‌ಟ್ರಾ ಟೈಮಲ್ಲಿ ಜೇಮಿ ಮೆಕ್‌ಲಾರೆನ್ ಹೊಡೆದ, 2-1, ಸೋತ್ವಿ. ಯಾರೂ ಟಿವಿ ಆಫ್ ಮಾಡಲಿಲ್ಲ. ಹುಡುಗ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅವರಮ್ಮ ಅವನ ತೊಡೆ ಮೇಲಿದ್ದ ಬಾವುಟ ಎತ್ತಿ ಬಲ್ಬಿನ ಬೆಳಕಿಗೆ ಹಿಡಿದು ನೋಡಿದ್ರು, ನೂಲು ಬಿಟ್ಟಿದ್ದ ಕಡೆ ಬೆರಳಲ್ಲಿ ಸವರಿ, ಮೂಲೇಲಿದ್ದ ಹೊಲಿಗೆ ಮಿಷನ್ ಹತ್ರ ಹೋಗಿ ಕೂತ್ರು. ಅಂಚು ಮಡಚಿ ಸೂಜಿ ಕೆಳಗೆ ಕೊಟ್ಟು, ಪೆಡಲ್ ತುಳೀತಾ, ತಲೆ ಎತ್ತದೇ ಕೇಳಿದ್ರು: "ಸರ್, ಮುಂದಿನ ಸೀಸನ್ ಯಾವಾಗ ಶುರು?"

ನಮಸ್ಕಾರ.