ಕ್ಲಬ್ಬಿಗೆ ಕೊಟ್ಟ ಕೈಸಾಲ

ನಮಸ್ಕಾರ. ಹೊರಗೆ ಮೈ ಕೊರೆಯುವ ಚಳಿ, ಒಳಗೆ ಹೀಟರ್ ಗೊರಗೊರ ಅನ್ನುತ್ತಿದೆ. ಮೈಕ್‌ನಲ್ಲಿ ಅದರ ಸದ್ದು ಕೇಳಿಸಿದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಇವತ್ತು ಬೆಳಿಗ್ಗೆ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು ಫೋನ್ ನೋಡಿದರೆ, ನನ್ನ ರಗ್ಬಿ ಲೀಗ್ ಕ್ಲಬ್ಬಿನಿಂದ ಮೂರನೇ ಇಮೇಲ್. ನಿಮ್ಮ ಸೀಸನ್ ಟಿಕೆಟ್ ಇನ್ನೂ ರಿನ್ಯೂ ಆಗಿಲ್ಲ, ನೀವು ನಮ್ಮ ಕುಟುಂಬದವರು, ತಡ ಮಾಡಿದರೆ ಸಿಗದೇ ಹೋಗಬಹುದು ಅಂತ. ಅರ್ಧ ಪ್ರೀತಿ, ಅರ್ಧ ಬೆದರಿಕೆ. ಮಂಡ್ಯದಲ್ಲಿ ಚೀಟಿ ದುಡ್ಡು ಕಟ್ಟೋದು ಎರಡು ದಿನ ತಡವಾದರೆ ಚೀಟಿ ನಡೆಸುವ ಆಂಟಿ ಅಮ್ಮನಿಗೆ ಫೋನ್ ಮಾಡುತ್ತಿದ್ದರು, ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಥೇಟ್ ಅದೇ ಧಾಟಿ. ಚೀಟಿಯಲ್ಲಾದರೂ ಒಂದಲ್ಲ ಒಂದು ತಿಂಗಳು ದುಡ್ಡು ನಮ್ಮ ಕೈಗೆ ಬರುತ್ತದೆ.

ಯಾವ ಕ್ಲಬ್ ಅಂತ ಹೇಳುವುದಿಲ್ಲ. ಸ್ವಲ್ಪ ಬೈಯೋದಿದೆ, ಹಾಗಾಗಿ ಹೆಸರು ಬೇಡ. ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನದು ಅಂದುಕೊಳ್ಳಿ, ಸಾಕು.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಈ ಕಡೆ ಇರುವ ನಮ್ಮವರಿಗೆ ಲೀಡ್ಸ್‌ನ ಹೆಡಿಂಗ್ಲಿ ಅಂದರೆ ಕ್ರಿಕೆಟ್. 2002ರಲ್ಲಿ ದ್ರಾವಿಡ್ 148 ಹೊಡೆದ ಜಾಗ, 2025ರಲ್ಲಿ ಕೆ.ಎಲ್. ರಾಹುಲ್ 137 ಹೊಡೆದರೂ ನಾವು ಸೋತ ಜಾಗ. ಆ ಕ್ರಿಕೆಟ್ ಮೈದಾನದ ಒಂದು ಸ್ಟ್ಯಾಂಡ್‌ನ ಬೆನ್ನಿಗೇ ರಗ್ಬಿ ಮೈದಾನ ಅಂಟಿಕೊಂಡಿದೆ. ಒಂದೇ ಕಟ್ಟಡ. ಈ ಕಡೆ ಮುಖ ಮಾಡಿ ಕೂತರೆ ಕ್ರಿಕೆಟ್, ಆ ಕಡೆ ಕೂತರೆ ರಗ್ಬಿ ಲೀಗ್. ಕ್ರಿಕೆಟ್ ನೋಡಿ ಫೋಟೊ ಹಾಕಿಕೊಂಡು ಬರುವ ಎಷ್ಟೋ ಜನಕ್ಕೆ ಗೋಡೆಯಾಚೆ ಇನ್ನೊಂದು ಲೋಕ ಇದೆ ಅಂತಾನೇ ಗೊತ್ತಿಲ್ಲ. ತಂಡಕ್ಕೆ 13 ಜನ, ಆರನೇ ಟ್ಯಾಕಲ್ ಆದರೆ ಚೆಂಡು ಎದುರಾಳಿಗೆ. ಕಬಡ್ಡಿ ಆಡಿದವರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಟಿವಿಯಲ್ಲಿ ಇಂಗ್ಲೆಂಡ್, ಫ್ರಾನ್ಸ್ ಅಂತ ನೋಡುವ ರಗ್ಬಿ ಯೂನಿಯನ್ ಬೇರೆ, ಇದು ಬೇರೆ.

ಈಗ ದುಡ್ಡಿನ ವಿಷಯ. ನಮ್ಮಲ್ಲಿ ಸೀಸನ್ ಟಿಕೆಟ್ ಅಂದರೆ ರೈಲಿನ ಪಾಸ್. ನಮ್ಮಪ್ಪ ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡುತ್ತಿದ್ದಾಗ ಶರ್ಟ್ ಜೇಬಿನಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ಇರುತ್ತಿತ್ತು. ಅದರ ಲೆಕ್ಕ ಸುಲಭ, ಓಡಾಡಿದಷ್ಟೂ ಲಾಭ. ಇಲ್ಲಿ ಸೀಸನ್ ಟಿಕೆಟ್ ಅಂದರೆ ಇಡೀ ವರ್ಷದ ತವರಿನ ಲೀಗ್ ಪಂದ್ಯಗಳಿಗೆ ಮೊದಲೇ ದುಡ್ಡು ಕಟ್ಟುವುದು, ಇಲ್ಲಿಯ ಜನವೂ ಮೊದಲು ಅದೇ ಲೆಕ್ಕ ಹಾಕುತ್ತಾರೆ. ಸುಮ್ನೆ ಲೆಕ್ಕಕ್ಕೆ ಅಂತ 286 ಪೌಂಡ್ ಇಟ್ಟುಕೊಳ್ಳಿ. ಸೂಪರ್ ಲೀಗ್, ಅಂದರೆ ಇಲ್ಲಿಯ ರಗ್ಬಿ ಲೀಗ್‌ನ ಮೇಲಿನ ಡಿವಿಷನ್, ಅದರಲ್ಲಿ ತವರಿನ ಪಂದ್ಯಗಳು 13. ಪಂದ್ಯಕ್ಕೆ 22 ಪೌಂಡ್ ಬಿತ್ತು. ಗೇಟಿನಲ್ಲಿ ಬಿಡಿ ಟಿಕೆಟ್ 28 ಅಂತಿಟ್ಟುಕೊಂಡರೆ, 11 ಪಂದ್ಯಕ್ಕೆ ಹೋದರೆ ಗೆದ್ದಿರಿ, ಮೂರು ತಪ್ಪಿಸಿಕೊಂಡರೆ ಸೋತಿರಿ. ನಾನು ಕಳೆದ ವರ್ಷ ಹೋಗಿದ್ದು ಎಂಟು. ಅಂದರೆ ಪಂದ್ಯಕ್ಕೆ ಹತ್ತಿರ ಹತ್ತಿರ 36 ಪೌಂಡ್. ಚಾಲೆಂಜ್ ಕಪ್ ಅನ್ನುವ ಬೇರೆ ಪಂದ್ಯಾವಳಿಯ ಪಂದ್ಯ ಇದರಲ್ಲಿ ಸೇರಿಲ್ಲ, ಪ್ಲೇ-ಆಫ್ ಸೇರಿಲ್ಲ. ಪಾರ್ಕಿಂಗ್, ಪೈ, ಮಗಳಿಗೊಂದು ಬಿಸಿ ಚಾಕೊಲೇಟ್, ಅದೆಲ್ಲ ಬರೆಯುತ್ತಾ ಹೋದರೆ ಹೆಂಡತಿ ಈ ವಿಡಿಯೊ ನೋಡಿದ ದಿನ ನನ್ನ ಕಥೆ ಮುಗಿಯಿತು.

ಫುಟ್‌ಬಾಲ್ ನೋಡುವ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ಪ್ರೀಮಿಯರ್ ಲೀಗ್‌ನ ದೊಡ್ಡ ಕ್ಲಬ್‌ಗಳಲ್ಲಿ ಒಂದು ಸೀಸನ್ ಟಿಕೆಟ್ ಸಾವಿರ ಪೌಂಡ್ ದಾಟುತ್ತದೆ, ಅದಕ್ಕೂ ವರ್ಷಗಟ್ಟಲೆ ಕ್ಯೂ. ಸರಿ ಕಣ್ರಪ್ಪ, ಒಪ್ಪಿದೆ, ನಮ್ಮದು ಅಗ್ಗ. ಆದರೆ ಈ ಹೋಲಿಕೆಯೇ ದಾರಿ ತಪ್ಪಿಸುವುದು. ಅಲ್ಲಿ ಕ್ಲಬ್ಬಿನ ಹೊಟ್ಟೆ ತುಂಬುವುದು ಟಿವಿ ದುಡ್ಡಿನಿಂದ. ಇಲ್ಲಿ ಹಾಗಲ್ಲ. ಸ್ಕೈ ಟಿವಿ ಸೂಪರ್ ಲೀಗ್‌ಗೆ ಹಿಂದೊಮ್ಮೆ ವರ್ಷಕ್ಕೆ ಸುಮಾರು 40 ಮಿಲಿಯನ್ ಪೌಂಡ್ ಕೊಡುತ್ತಿತ್ತು, 2024ರಿಂದ ಅದರ ಅರ್ಧದಷ್ಟು. ಅದನ್ನು ಎಲ್ಲ ಕ್ಲಬ್‌ಗಳೂ ಹಂಚಿಕೊಳ್ಳಬೇಕು. ಉಳಿದಿದ್ದನ್ನು ಯಾರು ತುಂಬಬೇಕು? ಜೇಬು ತುಂಬಿದ ಮಾಲೀಕ ಒಬ್ಬ ಸಿಕ್ಕಿದರೆ ಅವನು, ಇಲ್ಲದಿದ್ದರೆ ಟೆರೇಸ್, ಅಂದರೆ ನಿಂತು ಆಟ ನೋಡುವ ಮೆಟ್ಟಿಲುಗಳ ಮೇಲಿರುವ ನಾವು.

ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ. ಸೂಪರ್ ಲೀಗ್ ಕ್ಲಬ್ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ 21 ಲಕ್ಷ ಪೌಂಡ್, ಸ್ಟಾರ್ ಆಟಗಾರರಿಗೆ ಒಂದಿಷ್ಟು ವಿನಾಯಿತಿ ಬಿಟ್ಟು. ಒಂದು ಕ್ಲಬ್ 6,000 ಸೀಸನ್ ಟಿಕೆಟ್ ಮಾರಿತು, ಮಕ್ಕಳು, ಹಿರಿಯರು ಎಲ್ಲ ಸೇರಿ ಸರಾಸರಿ 200 ಪೌಂಡ್ ಬಂತು ಅಂದುಕೊಳ್ಳಿ. 12 ಲಕ್ಷ ಆಯಿತು. ಸಂಬಳದ ಮಿತಿಯ ಅರ್ಧಕ್ಕಿಂತ ಜಾಸ್ತಿ. ಅದೂ ಯಾವಾಗ? ಪಂದ್ಯಗಳಿಲ್ಲದ ಚಳಿಗಾಲದಲ್ಲಿ, ಗೇಟಿನಿಂದ ಒಂದು ಪೆನ್ನಿ ಬರದ ತಿಂಗಳುಗಳಲ್ಲಿ. 1996ರಲ್ಲಿ ಸೂಪರ್ ಲೀಗ್ ಶುರುವಾದಾಗ ಈ ಆಟ ಚಳಿಗಾಲದಿಂದ ಬೇಸಿಗೆಗೆ ಬಂತು. ಈಗ ಅಕ್ಟೋಬರ್‌ನ ಗ್ರ್ಯಾಂಡ್ ಫೈನಲ್‌ನಿಂದ ಫೆಬ್ರವರಿಯವರೆಗೆ ಮೈದಾನ ಭಣಭಣ. ಆಗ ಆಟಗಾರರಿಗೆ ಸಂಬಳ ಕೊಡಬೇಕಲ್ಲ, ಕರೆಂಟ್ ಬಿಲ್ ಕಟ್ಟಬೇಕಲ್ಲ, ಅದು ನಮ್ಮ ದುಡ್ಡು. ಇನ್ನೂ ಆಡದ ಪಂದ್ಯಕ್ಕೆ ಮೊದಲೇ ಕೊಟ್ಟ ದುಡ್ಡು. ನಮ್ಮ ಭಾಷೆಯಲ್ಲಿ ಇದಕ್ಕೆ ಹೆಸರಿದೆ. ಕೈಸಾಲ. ಪತ್ರ ಇಲ್ಲ, ಬಡ್ಡಿ ಇಲ್ಲ, ನಂಬಿಕೆ ಮೇಲೆ ಕೊಡುವುದು.

ಬಡ್ಡಿ ಇಲ್ಲ ಅಂದೆನಾ? ತಪ್ಪು. ನಾನು ಕಂತಿನಲ್ಲಿ ಕಟ್ಟುವವನು. ನನ್ನ ಕ್ಲಬ್ ಕಂತಿನ ವ್ಯವಸ್ಥೆಯನ್ನು ಒಂದು ಫೈನಾನ್ಸ್ ಕಂಪನಿಗೆ ಕೊಟ್ಟಿದೆ, ಅದಕ್ಕೊಂದು ಶುಲ್ಕ. ಸಾಲ ಕೊಡುವವನೂ ನಾನೇ, ಬಡ್ಡಿ ಕಟ್ಟುವವನೂ ನಾನೇ. ಇಂಥದ್ದು ಮಂಡ್ಯದ ಯಾವ ಬಡ್ಡಿ ವ್ಯಾಪಾರಿಗೂ ಹೊಳೆದಿರಲಿಲ್ಲ.

ಸಾಲ ಅಂದ ಮೇಲೆ ಮುಳುಗುವ ಭಯವೂ ಇರುತ್ತದೆ. ಸಾಲ್ಫರ್ಡ್ ಕಥೆ ನೋಡಿ. 1873ರ ಕ್ಲಬ್. 2019ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಗ್ರ್ಯಾಂಡ್ ಫೈನಲ್ ಆಡಿದ ತಂಡ. 2025ರ ಮೊದಲ ಪಂದ್ಯಕ್ಕೆ, ದುಡ್ಡಿನ ತಾಪತ್ರಯದಿಂದ, ಹುಡುಗರನ್ನು ಕಟ್ಟಿಕೊಂಡು ಸೇಂಟ್ ಹೆಲೆನ್ಸ್‌ಗೆ ಹೋಗಿ 82-0 ಸೋತಿತು. ಸಂಬಳ ತಡವಾಯಿತು, ಒಬ್ಬೊಬ್ಬರೇ ಆಟಗಾರರು ಬಿಟ್ಟು ಹೋದರು, ಆಗಸ್ಟ್‌ನಲ್ಲಿ ವೇಕ್‌ಫೀಲ್ಡ್ ವಿರುದ್ಧದ ಪಂದ್ಯಕ್ಕೆ ತಂಡ ಇಳಿಸಲೂ ಆಗಲಿಲ್ಲ. ಡಿಸೆಂಬರ್‌ನಲ್ಲಿ ಕೋರ್ಟ್ ಆ ಕಂಪನಿಯನ್ನು ಮುಚ್ಚಿಸಿತು. ಈಗ ಹೊಸ ಕಂಪನಿ, ಹೊಸ ಆಡಳಿತ, ಕೆಳಗಿನ ಡಿವಿಷನ್‌ನಿಂದ ಮತ್ತೆ ಶುರು. 2025ಕ್ಕೆ ಸೀಸನ್ ಟಿಕೆಟ್ ಕೊಂಡವರು ಏನು ನೋಡಿದರು ಹೇಳಿ? ಕೊಟ್ಟ ದುಡ್ಡಿಗೆ ಪಂದ್ಯಗಳೇನೋ ಸಿಕ್ಕವು, ತಂಡ ಮಾತ್ರ ವಾರ ವಾರ ಕರಗುತ್ತಾ ಹೋಯಿತು. ಕಂಪನಿ ಮುಳುಗಿದಾಗ ಮೊದಲು ಕೈಚಾಚುವುದು ಅಡಮಾನ ಇಟ್ಟುಕೊಂಡವರು, ತೆರಿಗೆಯವರು. ಮುಂಗಡ ಕೊಟ್ಟ ಅಭಿಮಾನಿ ಸಾಲಿನ ಕಟ್ಟಕಡೆಯಲ್ಲಿ ನಿಲ್ಲುತ್ತಾನೆ.

ನನ್ನ ಮೊದಲ ಸೀಸನ್ ಟಿಕೆಟ್ 2020ರದ್ದು. ಎಂಥ ಮುಹೂರ್ತ ನೋಡಿ! ಮಾರ್ಚ್‌ನಲ್ಲಿ ಎಲ್ಲ ಬಂದ್. ಆಗಸ್ಟ್‌ನಲ್ಲಿ ಮತ್ತೆ ಶುರುವಾದಾಗ ಖಾಲಿ ಮೈದಾನದಲ್ಲಿ ಆಟ. ನಾನು ಆಸ್ಪತ್ರೆಯಲ್ಲಿ ಪಿಪಿಇ ಹಾಕಿಕೊಂಡು ಬೆವರುತ್ತಿದ್ದೆ, ಕ್ಲಬ್ಬಿನಿಂದ ಇಮೇಲ್ ಬಂತು, ದಯವಿಟ್ಟು ರೀಫಂಡ್ ಕೇಳಬೇಡಿ ಅಂತ. ಕೇಳಲಿಲ್ಲ. ನಾನೊಬ್ಬನೇ ಅಲ್ಲ, ಎಷ್ಟೋ ಕ್ಲಬ್‌ಗಳ ಎಷ್ಟೋ ಸಾವಿರ ಜನ ಕೇಳಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಸರ್ಕಾರ ರಗ್ಬಿ ಲೀಗ್‌ಗೆ 16 ಮಿಲಿಯನ್ ಪೌಂಡ್ ಕೊಟ್ಟಿತು. ಸಾಲ ಅಂತ ಬರೆದುಕೊಂಡೇ ಕೊಟ್ಟಿತು. ನಾವು ಬಿಟ್ಟುಕೊಟ್ಟಿದ್ದನ್ನು ಯಾರು, ಯಾವ ಪುಸ್ತಕದಲ್ಲಿ ಬರೆದಿದ್ದಾರೆ?

ಹಾಗಂತ ಅದು ಬೇಕು ಅಂತ ಕೇಳುತ್ತಿಲ್ಲ. ಕೊಟ್ಟಿದ್ದು ಕೊಟ್ಟಾಯಿತು. ನನಗೆ ಉರಿಯುವುದು ಬೇರೆ ವಿಷಯಕ್ಕೆ.

ಕಳೆದ ಆಗಸ್ಟ್. ತಂಡ ಸಾಲಾಗಿ ಸೋಲುತ್ತಿದೆ, ಜನ ಬರುತ್ತಿಲ್ಲ. ಕ್ಲಬ್ ಒಂದು ಆಫರ್ ಬಿಟ್ಟಿತು, ಈ ಪಂದ್ಯಕ್ಕೆ ಆಸ್ಪತ್ರೆ ಸಿಬ್ಬಂದಿಗೆ ಉಚಿತ ಪ್ರವೇಶ. ನಮ್ಮ ವಾರ್ಡ್‌ನಲ್ಲೇ ಕೆಲಸ ಮಾಡುವ ಹುಡುಗ ಒಬ್ಬ, ಜೀವಮಾನದಲ್ಲಿ ರಗ್ಬಿ ನೋಡಿದವನಲ್ಲ, ಐಡಿ ಕಾರ್ಡ್ ತೋರಿಸಿ ಬಿಟ್ಟಿ ಬಂದ. ಬಂದು ನನ್ನ ಪಕ್ಕದಲ್ಲೇ ನಿಂತ. ಟಿಕೆಟ್ ದುಡ್ಡು ಉಳಿಯಿತಲ್ಲ ಅಂತ ದೊಡ್ಡ ಸ್ಟೇಕ್ ಪೈ ಕೊಂಡು, ಮೇಲೆ ಗ್ರೇವಿ ಸುರಿಸಿಕೊಂಡು, ಬಾಯಿ ಸುಟ್ಟುಕೊಂಡು ತಿನ್ನುತ್ತಾ ಕೇಳಿದ: ನಿಮಗೂ ಫ್ರೀ ತಾನೇ? ನಾನೂ ಅದೇ ಆಸ್ಪತ್ರೆ, ಅದೇ ಐಡಿ ಕಾರ್ಡ್. ಕಂತಿನ ಶುಲ್ಕವನ್ನೂ ಸೇರಿಸಿ ಕಟ್ಟಿದವನು. ಏನು ಉತ್ತರ ಕೊಡಲಿ? ಚೆಂಡು ಆ ಕಡೆ ಹೋಯಿತು ನೋಡು ಅಂದೆ.

ಕ್ಲಬ್ಬಿನ ಕಷ್ಟ ನನಗೆ ಅರ್ಥವಾಗುತ್ತದೆ. ಐಎಂಜಿ ಅನ್ನುವ ಕಂಪನಿಯ ಸಲಹೆ ಮೇಲೆ ಈಗ ಸೂಪರ್ ಲೀಗ್‌ನಲ್ಲಿ ಯಾರಿರಬೇಕು ಅಂತ ತೂಗಲು ಕ್ಲಬ್‌ಗಳಿಗೆ 20 ಅಂಕಗಳ ಗ್ರೇಡಿಂಗ್ ಇದೆ, ಮೈದಾನಕ್ಕೆ ಎಷ್ಟು ಜನ ಬರುತ್ತಾರೆ ಅನ್ನುವುದಕ್ಕೂ ಅಂಕ ಇದೆ. ಸ್ಟ್ಯಾಂಡ್ ತುಂಬಿದಂತೆ ಕಾಣಬೇಕು. ಹೊಸಬರು ಬರಬೇಕು, ಬರಲಿ, ಆ ಹುಡುಗನೂ ಬರಲಿ, ಪೈ ತಿನ್ನಲಿ. ಆದರೆ ಚಳಿಗಾಲದಲ್ಲಿ ಮುಂಗಡ ಕೊಟ್ಟವನಿಗಿಂತ ಆಗಸ್ಟ್‌ನಲ್ಲಿ ಕಡೇ ಗಳಿಗೆಯಲ್ಲಿ ಬಂದವನಿಗೆ ಅಗ್ಗ ಅಂದರೆ, ಮುಂದಿನ ಸಲ ಮುಂಗಡ ಯಾಕೆ ಕೊಡಬೇಕು? ಮದುವೆ ಮನೆಯಲ್ಲಿ ಮುಯ್ಯಿ ಕೊಟ್ಟವರನ್ನು ಎರಡನೇ ಪಂಕ್ತಿಗೆ ಕೂರಿಸಿದ ಹಾಗಾಯಿತು.

ಇನ್ನು ಗುರುವಾರದ ಪಂದ್ಯಗಳು. ಇದಕ್ಕೆ ಸ್ವಲ್ಪ ಇತಿಹಾಸ ಬೇಕು, ಬೇಗ ಮುಗಿಸುತ್ತೇನೆ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ರಗ್ಬಿ ಯೂನಿಯನ್‌ನಿಂದ ಹೊರಗೆ ಬಂದವು. ಕಾರಣ ಕೂಲಿ. ಗಣಿಯಲ್ಲಿ, ಗಿರಣಿಯಲ್ಲಿ ಕೆಲಸ ಮಾಡುವವನು ಶನಿವಾರ ಆಡಲು ಬಂದರೆ ಅವತ್ತಿನ ಕೂಲಿ ಹೋಗುತ್ತಿತ್ತು, ಅದನ್ನು ತುಂಬಿಕೊಡಬೇಕು ಅಂತ ಇವರು, ಆಟಕ್ಕೆ ದುಡ್ಡು ಮುಟ್ಟಬಾರದು ಅಂತ ದಕ್ಷಿಣದ ದೊಡ್ಡ ಮನುಷ್ಯರು. ಕೊನೆಗೆ ದಿನಕ್ಕೆ ಆರು ಶಿಲಿಂಗ್ ಅಂತ ಇವರೇ ನಿಗದಿ ಮಾಡಿಕೊಂಡರು. ಅಂದರೆ ಈ ಆಟ ಹುಟ್ಟಿದ್ದೇ ಶಿಫ್ಟ್ ಕೆಲಸದವರ ಕಷ್ಟದಿಂದ. ಅಂಥ ಆಟವನ್ನು ಈಗ ಟಿವಿ ಸಲುವಾಗಿ ಗುರುವಾರ ರಾತ್ರಿ ಎಂಟಕ್ಕೆ ಇಡುತ್ತಾರೆ. ಸಂಜೆ ಏಳೂವರೆಗೆ ನೈಟ್ ಡ್ಯೂಟಿ ಶುರುವಾಗುವ ನಾನು ಹೇಗೆ ಹೋಗಲಿ? ಶುಕ್ರವಾರ ಬೆಳಿಗ್ಗೆ ಸ್ಕೂಲಿಗೆ ಏಳಬೇಕಾದ ಮಗಳು ಹೇಗೆ ಬರಲಿ? ಕಳೆದ ವರ್ಷ ನನಗೆ ತಪ್ಪಿದ ಐದರಲ್ಲಿ ಮೂರು ಗುರುವಾರದವು.

ಮನೆಯಲ್ಲೇ ನೋಡಬಹುದಲ್ವಾ ಅನ್ನುತ್ತೀರಿ. ಹೌದು, 2024ರಿಂದ ಪ್ರತಿ ಪಂದ್ಯವೂ ಪ್ರಸಾರ ಆಗುತ್ತದೆ. ಮೊದಲು ಮೈದಾನಕ್ಕೆ ಹೋಗದಿದ್ದರೆ ಎಷ್ಟೋ ಪಂದ್ಯ ಕಾಣಲು ಸಿಗುತ್ತಲೇ ಇರಲಿಲ್ಲ. ಈಗ ಸೋಫಾ ಮೇಲೆ ಚಿತ್ರಾನ್ನ ತಿನ್ನುತ್ತಾ ರಿಪ್ಲೇ ಸಮೇತ ನೋಡಬಹುದು. ಹಾಗಾದರೆ ನಾನು 286 ಕೊಡುವುದು ಆಟ ನೋಡಲಿಕ್ಕಲ್ಲ ಅಂತಾಯಿತು.

ನನ್ನ ಟೆರೇಸ್‌ನಲ್ಲಿ ಸೀಟ್ ಇಲ್ಲ, ನಂಬರ್ ಇಲ್ಲ. ಆದರೂ ಪ್ರತಿಯೊಬ್ಬರಿಗೂ ಒಂದು ಜಾಗ ಇದೆ, ಕಬ್ಬಿಣದ ಅಡ್ಡಪಟ್ಟಿಯ ಯಾವ ಮೊಳ ಯಾರದು ಅಂತ ಎಲ್ಲರಿಗೂ ಗೊತ್ತು. ನನ್ನ ಎಡಕ್ಕೆ ಒಬ್ಬರು ಅಜ್ಜ. ಬೆರಳ ತುದಿ ಕತ್ತರಿಸಿದ ಗ್ಲೌಸ್, ಫ್ಲಾಸ್ಕ್‌ನ ಮುಚ್ಚಳದಲ್ಲೇ ಚಹಾ. ಈ ಆಟದಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಪಾಸ್ ಮಾಡುವಂತಿಲ್ಲ; ಎದುರಾಳಿ ಚೆಂಡು ಪಾಸ್ ಮಾಡಿದಾಗಲೆಲ್ಲ, ಹಿಂದಕ್ಕೇ ಹೋಗಿದ್ದರೂ, ‘ಫಾರ್ವರ್ಡ್!’ ಅಂತ ಕೂಗುವುದು ಅವರ ಕೆಲಸ. ನನ್ನನ್ನು ‘ಲವ್’ ಅಂತ ಕರೆಯುತ್ತಾರೆ. ಯಾರ್ಕ್‌ಶೈರ್‌ನಲ್ಲಿ ಗಂಡಸರು ಗಂಡಸರನ್ನೂ ಹಾಗೆ ಕರೆಯುತ್ತಾರೆ, ಮೊದಲ ಸಲ ನನಗೆ ಗಾಬರಿಯಾಗಿತ್ತು. ಒಮ್ಮೆ ಎರಡು ಪಂದ್ಯ ಸಾಲಾಗಿ ತಪ್ಪಿಸಿಕೊಂಡು ಹೋದೆ. ಎಲ್ಲಿ ಸತ್ತಿದ್ದೆ ಅನ್ನುವ ಹಾಗೆ ಒಮ್ಮೆ ನೋಡಿ, ಕೋಟಿನ ಒಳಜೇಬಿನಿಂದ ಎರಡು ಪ್ರೋಗ್ರಾಂ ಪುಸ್ತಕ ತೆಗೆದು ಕೊಟ್ಟರು. ನಾನು ಬಾರದ ಎರಡೂ ಪಂದ್ಯದವು. ಮೂಲೆ ಮಡಚಿತ್ತು, ಒಂದಕ್ಕೆ ಚಹಾ ಕಲೆ. ದುಡ್ಡು ಕೊಡಲು ಹೋದರೆ ‘ಫಾರ್ವರ್ಡ್!’ ಅಂತ ಮೈದಾನದ ಕಡೆ ತಿರುಗಿದರು.

ಕ್ಲಬ್ಬಿನವರು ಮಾರುತ್ತಿರುವುದು ಇದನ್ನೇ, ಆದರೆ ಇದನ್ನು ಅವರು ಮಾಡಿದ್ದಲ್ಲ. ಅದಕ್ಕೇ ಬೆಲೆ ಇಳಿಸಿ ಅಂತ ನಾನು ಕೇಳುವುದಿಲ್ಲ. ಕಂತಿಗೆ ಶುಲ್ಕ ತೆಗೆಯಿರಿ. ತವರಿನ ಕಪ್ ಪಂದ್ಯ ಒಂದನ್ನಾದರೂ ಒಳಗೆ ಸೇರಿಸಿ. ನಾನು ಬರಲಾಗದ ಗುರುವಾರ ನನ್ನ ಜಾಗಕ್ಕೆ ಗೆಳೆಯನನ್ನು ಕಳಿಸಲು ಫೋನಿನಲ್ಲಿ ಒಂದು ಬಟನ್ ಕೊಡಿ, ಈಗ ಅದಕ್ಕೆ ಟಿಕೆಟ್ ಆಫೀಸಿಗೆ ಫೋನ್ ಮಾಡಿ ಇಪ್ಪತ್ತು ನಿಮಿಷ ಹೋಲ್ಡ್ ಮ್ಯೂಸಿಕ್ ಕೇಳಬೇಕು. ಬಿಟ್ಟಿ ಟಿಕೆಟ್ ಹಂಚುವ ದಿನ ನಮಗೂ ಒಂದು ಕೊಡಿ, ನಾವೂ ಯಾರನ್ನಾದರೂ ಕರೆದುಕೊಂಡು ಬರುತ್ತೇವೆ. ಮತ್ತೆ ವರ್ಷಕ್ಕೊಮ್ಮೆ ಲೆಕ್ಕ ತೋರಿಸಿ. ಸಾಲ ಕೊಟ್ಟವರಿಗೆ ಅಷ್ಟು ಕೇಳುವ ಹಕ್ಕಿಲ್ವಾ?

ಈ ವರ್ಷ ಸೂಪರ್ ಲೀಗ್‌ನಲ್ಲಿ 14 ತಂಡ. ಬ್ರಾಡ್‌ಫರ್ಡ್ ವಾಪಸ್ ಬಂದಿದೆ, ಯಾರ್ಕ್ ಬಂದಿದೆ, ಫ್ರಾನ್ಸ್‌ನಿಂದ ಟುಲೂಸ್. ತಂಡ 12 ಇದ್ದಾಗ ಪಂದ್ಯಗಳ ಸಂಖ್ಯೆ ತುಂಬಿಸಲು ಕೆಲವು ತಂಡಗಳನ್ನೇ ಮೂರು ಮೂರು ಸಲ ನೋಡಬೇಕಿತ್ತು, ಆ ಪೀಡೆ ತಪ್ಪಿದೆ. 13 ತವರು ಪಂದ್ಯ, 13 ಬೇರೆ ಬೇರೆ ಎದುರಾಳಿ. ಅಷ್ಟರ ಮಟ್ಟಿಗೆ ಅದೇ ದುಡ್ಡಿಗೆ ಸರಕು ಚೆನ್ನಾಗಿದೆ.

ಇಮೇಲ್ ಇನ್ನೂ ತೆರೆದೇ ಇದೆ. ಆಸ್ಪತ್ರೆಯ ಡ್ಯೂಟಿ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ನಮ್ಮ ಮೊದಲ ತವರು ಪಂದ್ಯ ಗುರುವಾರ, ನನಗೆ ನೈಟ್. ಕೊಟ್ಟಾಯಂನ ಸಿಸ್ಟರ್ ಒಬ್ಬರಿದ್ದಾರೆ ನಮ್ಮ ವಾರ್ಡ್‌ನಲ್ಲಿ, ಅವರಿಗೆ ವಾಟ್ಸಾಪ್ ಮಾಡಿದ್ದೇನೆ, ಚೇಚಿ, ಆ ಒಂದು ರಾತ್ರಿ ಬದಲಿಸಿಕೊಳ್ಳುತ್ತೀರಾ, ನಿಮ್ಮ ಈಸ್ಟರ್ ಡ್ಯೂಟಿ ನಾನು ಮಾಡುತ್ತೇನೆ ಅಂತ. ಆಗಲೇ ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.